ಶಿವಾಜಿನಗರದ ಕಿರಿಯ ಗಣಕಸೇವಾ ಉದ್ದಿಮೆಗಳು: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಪುಣೆಯ ಶಿವಾಜಿನಗರಕ್ಕೆ ಹಿಂದೆ ಭಾಂಬುರ್ಡೆ ಎಂಬ ಹೆಸರಿತ್ತು. ಹಳೆಯ ಪೇಟೆಗಳಿಂದ ಮುಠಾ ನದಿಯನ್ನು ದಾಟಿದರೆ ಸಿಕ್ಕುವ ಈ ಭಾಗವು ಹಳ್ಳಿಯಾಗಿದ್ದುದು ಕಳೆದು, ಕಾಲಕ್ರಮದಲ್ಲಿ ವಿದ್ಯೆ, ಸರಕಾರ, ಹಣಕಾಸು ಈ ಮೂರಕ್ಕೂ ನೆಲೆಯಾಯಿತು. ೧೮೫೪ರಲ್ಲಿ ಆರಂಭವಾದ ಇಂಜಿನಿಯರಿಂಗ್ ವಿದ್ಯಾಲಯವು ಇಲ್ಲಿದೆ, ಸರ್ ಎಂ. ವಿಶ್ವೇಶ್ವರಯ್ಯನವರು ೧೮೮೩ರಲ್ಲಿ ತಮ್ಮ ಇಂಜಿನಿಯರಿಂಗ್ ಪದವಿಯನ್ನು ಪಡೆದುದು ಈ ವಿದ್ಯಾಲಯದಿಂದಲೇ. ದ. ರಾ. ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜು ಇದಕ್ಕೆ ದೂರವಲ್ಲ. ಹವಾಮಾನ ಇಲಾಖೆಯ ಕಚೇರಿ ೧೯೨೮ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಆ ಚೌಕವನ್ನು ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ೧೯೩೫ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಮಹಾರಾಷ್ಟ್ರದ ಪ್ರಧಾನ ಕಚೇರಿಯಾದ ಲೋಕಮಂಗಲವೂ, ೧೯೦೬ರಷ್ಟು ಹಿಂದೆಯೇ ಹುಟ್ಟಿದ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿಯೂ ಇದೇ ಶಿವಾಜಿನಗರದಲ್ಲಿವೆ.

ಇಂಥ ದೊಡ್ಡ ಸಂಸ್ಥೆಗಳ ನೆರಳಿನಲ್ಲಿ ಸಣ್ಣ ಉದ್ದಿಮೆಗಳು ಬೆಳೆಯುವುದು ಸಹಜ. ಕಚೇರಿಗಳಿಗೂ ದವಾಖಾನೆಗಳಿಗೂ ಅಂಗಡಿಗಳಿಗೂ ಸಹಕಾರ ಸಂಘಗಳಿಗೂ ಗಣಕಯಂತ್ರಗಳನ್ನು ತಂದುಕೊಡುವ, ಅವನ್ನು ಜೋಡಿಸಿ ಕೊಡುವ, ಕೆಟ್ಟಾಗ ಬಂದು ಸರಿಪಡಿಸುವ ಇಬ್ಬರು ಮೂವರು ಆಳುಗಳ ಅಂಗಡಿಗಳು ಅಂಥವು. ದೊಡ್ಡ ಪದವಿಯಿಲ್ಲದ ಆದರೆ ಕೈಚಳಕವುಳ್ಳ ಯುವಕನು, ಊರು ಬಿಟ್ಟು ಬಂದವನಾದರೂ ಕೂಡ, ಅಲ್ಪ ಬಂಡವಾಳದಿಂದ ಸ್ವತಂತ್ರ ಜೀವನಕ್ಕೆ ಏರಲು ಈ ಕಸುಬು ಒಂದು ಏಣಿಯಾಗಿತ್ತು. ಈಗ ‘ಕ್ಲೌಡ್’ ಎಂಬ ಹೊಸ ವ್ಯವಸ್ಥೆ ಬಂದು ಆ ಏಣಿಯ ಕೆಲವು ಮೆಟ್ಟಿಲುಗಳನ್ನು ಕಳಚಿದೆ. ಗಣಕಯಂತ್ರವು ಗಿರಾಕಿಯ ಕೋಣೆಯಲ್ಲಿಲ್ಲ. ಎಲ್ಲಿಯೋ ಇರುವ ಮಹಾಕೇಂದ್ರದಲ್ಲಿದೆ. ಗಿರಾಕಿಯು ವಿದ್ಯುತ್ತಿಗೆ ಕೊಡುವಂತೆ, ಬಳಸಿದಷ್ಟಕ್ಕೆ ತಿಂಗಳ ಬಾಡಿಗೆ ಕೊಡುತ್ತಾನೆ. ಕೊಳ್ಳುವ ಯಂತ್ರವೇ ಇಲ್ಲದ ಮೇಲೆ ಮಾರುವವನಿಗೆ ಲಾಭವೆಲ್ಲಿ? ಕೆಡುವ ಯಂತ್ರವೇ ಕಣ್ಮುಂದೆ ಇಲ್ಲದ ಮೇಲೆ ರಿಪೇರಿಯವನಿಗೆ ಕೆಲಸವೆಲ್ಲಿ?

ಈ ಪ್ರಶ್ನೆಗೆ ಉತ್ತರವನ್ನು ಭವಿಷ್ಯದಲ್ಲಿ ಹುಡುಕುವುದಕ್ಕಿಂತ ಮೊದಲು ಚರಿತ್ರೆಯಲ್ಲಿ ಹುಡುಕುವುದು ಉಚಿತ. ಏಕೆಂದರೆ ಯಂತ್ರವು ಬಳಸುವವನ ಕೈಯಿಂದ ದೂರದ ಕೇಂದ್ರಕ್ಕೆ ಹೋದುದು ಇದೇ ಮೊದಲಲ್ಲ. ಹಾಗೆ ಹೋದಾಗಲೆಲ್ಲ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ನೋಡಿದರೆ ಒಂದು ಸಾಮಾನ್ಯ ಸೂತ್ರವು ಗೋಚರಿಸುತ್ತದೆ. ಯಂತ್ರದಿಂದ ಗಳಿಸಿದವರು ಯಂತ್ರದೊಡನೆಯೇ ಹೋದರು. ಕೆಲಸದ ಹೊಣೆಯಿಂದ ಗಳಿಸಿದವರು ಉಳಿದರು.

೨. ಶಿವನಸಮುದ್ರದ ಪಾಠ

ಕನ್ನಡ ನಾಡಿನ ಉದಾಹರಣೆಯೊಂದನ್ನು ಮೊದಲು ನೋಡಬಹುದು. ೧೯೦೨ರಲ್ಲಿ ಮೈಸೂರು ಸರಕಾರವು ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು ೯೦ ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿತು. ಅದುವರೆಗೆ ಗಣಿಯವರು ತಮ್ಮ ಶಕ್ತಿಯನ್ನು ತಾವೇ ಉಗಿಯಂತ್ರಗಳಿಂದ ಪಡೆಯಬೇಕಾಗಿತ್ತು. ಯಂತ್ರವೂ ಅವರದು, ಇಂಧನವೂ ಅವರದು, ಅದನ್ನು ನೋಡಿಕೊಳ್ಳುವ ಆಳುಗಳೂ ಅವರವರು. ತಂತಿ ಬಂದ ಮೇಲೆ ಶಕ್ತಿಯೆಂಬುದು ಬಳಸಿದಷ್ಟಕ್ಕೆ ಬೆಲೆ ತೆರುವ ಸರಕಾಯಿತು. ೧೯೦೫ರಲ್ಲಿ ಬೆಂಗಳೂರು ನಗರಕ್ಕೂ ವಿದ್ಯುದ್ದೀಪ ಬಂದಿತು.

ಇದರಿಂದ ಉಗಿಯಂತ್ರವನ್ನು ಅವಲಂಬಿಸಿದ ಕಸುಬುಗಳು ಕುಗ್ಗಿದುವು. ಆದರೆ ಅದೇ ತಂತಿಯ ಬೆನ್ನಿಗೆ ಬೇರೊಂದು ವರ್ಗವು ಹುಟ್ಟಿತು. ಮನೆಮನೆಗೆ ತಂತಿ ಎಳೆಯುವ ವೈರಮನ್ನನು, ಮೋಟಾರು ಸುಟ್ಟಾಗ ಅದಕ್ಕೆ ಹೊಸ ಸುರುಳಿ ಸುತ್ತುವವನು, ಗಿರಣಿಗೆ ಎಷ್ಟು ಶಕ್ತಿಯ ಮೋಟಾರು ಬೇಕೆಂದು ಲೆಕ್ಕ ಹಾಕಿ ಹೇಳುವ ಗುತ್ತಿಗೆದಾರನು ಹೀಗೆ ಹುಟ್ಟಿದವರು. ಇವರಲ್ಲಿ ಯಾರೊಬ್ಬರೂ ವಿದ್ಯುತ್ತನ್ನು ಉತ್ಪಾದಿಸಲಿಲ್ಲ, ಮಾರಲೂ ಇಲ್ಲ. ದೂರದ ಮಹಾಯಂತ್ರಕ್ಕೂ ಹತ್ತಿರದ ಮನುಷ್ಯನಿಗೂ ನಡುವಣ ಅಂತರವೇ ಇವರ ಜೀವನೋಪಾಯವಾಯಿತು. ವಿದ್ಯುತ್ ಮಂಡಲಿಯೊಡನೆ ದರದಲ್ಲಿ ಸ್ಪರ್ಧಿಸಲು ಇವರು ಹೋಗಿದ್ದರೆ ಒಂದು ದಿನವೂ ಬಾಳುತ್ತಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

೩. ಯಂತ್ರವಿಲ್ಲದೆ ಆರಂಭವಾದ ಉದ್ದಿಮೆ

ಭಾರತದ ಗಣಕ ವ್ಯವಹಾರವು ಮೊದಲಿನಿಂದಲೂ ಬಾಡಿಗೆಯ ವ್ಯವಹಾರವೇ ಆಗಿತ್ತೆಂಬುದನ್ನು ಇಂದಿನವರು ಮರೆಯುವುದುಂಟು. ಐಬಿಎಂ ಕಂಪೆನಿಯು ಇಲ್ಲಿ ಯಂತ್ರಗಳನ್ನು ಬಹುಮಟ್ಟಿಗೆ ಬಾಡಿಗೆಗೆ ಕೊಡುತ್ತಿತ್ತು, ನಿರ್ವಹಣೆಯೂ ಅದರದೇ. ೧೯೭೩ರ ವಿದೇಶೀ ವಿನಿಮಯ ಶಾಸನದ ಪ್ರಕಾರ ಬಂಡವಾಳದ ಪಾಲನ್ನು ಇಳಿಸಲೊಪ್ಪದೆ ಅದು ೧೯೭೮ರಲ್ಲಿ ದೇಶವನ್ನು ಬಿಟ್ಟಿತು. ಯಂತ್ರಗಳು ಇಲ್ಲಿಯೇ ಉಳಿದುವು. ಅವನ್ನು ನೋಡಿಕೊಳ್ಳುವವರು ಬೇಕಾದರು. ೧೯೭೫ರಲ್ಲಿಯೇ ಸರಕಾರವು ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯು ಈ ಹೊಣೆಯನ್ನು ಹೊತ್ತಿತು. ಸಂಸ್ಥೆಯ ಹೆಸರಿನಲ್ಲಿಯೇ ‘ನಿರ್ವಹಣೆ’ ಎಂಬ ಮಾತಿರುವುದು ಗಮನಾರ್ಹ. ಯಂತ್ರ ಯಾರದಾದರೂ ಆಗಲಿ, ಅದು ನಡೆಯುವಂತೆ ನೋಡಿಕೊಳ್ಳುವುದಕ್ಕೆ ಪ್ರತ್ಯೇಕವಾದ ಬೆಲೆಯುಂಟೆಂಬುದನ್ನು ಈ ದೇಶವು ಆಗ ಮೊದಲ ಬಾರಿಗೆ ವ್ಯಾಪಕವಾಗಿ ಒಪ್ಪಿಕೊಂಡಿತು.

ಇದೇ ಕಾಲದಲ್ಲಿ ಪುಣೆಯಲ್ಲಿ ಮೈಸೂರಿನ ಎನ್. ಆರ್. ನಾರಾಯಣಮೂರ್ತಿಯವರು ಸಾಫ್ಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆಯನ್ನು ಆರಂಭಿಸಿದರು. ಅದು ದೇಶದೊಳಗಿನ ಗಿರಾಕಿಗಳಿಗಾಗಿ ಉದ್ದೇಶಿತವಾದುದು. ಸುಮಾರು ಒಂದೂವರೆ ವರ್ಷದಲ್ಲಿ ನಿಂತುಹೋಯಿತು. ದೇಶದಲ್ಲಿ ಗಣಕಯಂತ್ರಗಳೇ ವಿರಳವಾಗಿದ್ದಾಗ ಅವುಗಳ ಸೇವೆಗೆ ಮಾರುಕಟ್ಟೆಯೆಲ್ಲಿ? ಆಮೇಲೆ ಅವರು ಪಾಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಸೇರಿದರು. ೧೯೮೧ರಲ್ಲಿ ಅಲ್ಲಿಯ ಆರು ಮಂದಿ ಸಹೋದ್ಯೋಗಿಗಳೊಡನೆ ಪುಣೆಯಲ್ಲಿಯೇ ಇನ್ಫೋಸಿಸನ್ನು ಸ್ಥಾಪಿಸಿದರು. ಪತ್ನಿ ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ ೧೦,೦೦೦ ರೂಪಾಯಿಗಳೇ ಆರಂಭದ ಬಂಡವಾಳವೆಂಬುದು ಪ್ರಸಿದ್ಧ. ಯಂತ್ರವನ್ನು ಆಮದು ಮಾಡಿಕೊಳ್ಳುವ ಪರವಾನಿಗೆಗಾಗಿ ಅವರು ದೀರ್ಘಕಾಲ ಕಾಯಬೇಕಾಯಿತು. ಅಲ್ಲಿಯವರೆಗೆ ಸ್ವಂತ ಗಣಕಯಂತ್ರವಿಲ್ಲದ ಗಣಕ ಕಂಪೆನಿಯಾಗಿ, ಅಮೆರಿಕೆಯ ಗಿರಾಕಿಯಲ್ಲಿಗೆ ಹೋಗಿ ಆತನ ಯಂತ್ರದ ಮೇಲೆಯೇ ಕೆಲಸ ಮಾಡಿಕೊಟ್ಟು ಅದು ಜೀವ ಹಿಡಿದುಕೊಂಡಿತು. ೧೯೮೩ರಲ್ಲಿ ಬೆಂಗಳೂರಿಗೆ ಹೋಯಿತು.

ಈ ಎರಡು ಪ್ರಯತ್ನಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಎರಡನೆಯದು ಉಳಿದುದು ಯಂತ್ರದ ಬಲದಿಂದಲ್ಲ. ಕೆಲಸಕ್ಕೆ ಬೆಲೆ ಕೊಡಬಲ್ಲ ಗಿರಾಕಿ ದೊರೆತುದರಿಂದ. ಮೊದಲನೆಯದು ಅಳಿದುದು ಕೌಶಲದ ಕೊರತೆಯಿಂದಲ್ಲ. ಅಂಥ ಗಿರಾಕಿಯು ನೆರೆಹೊರೆಯಲ್ಲಿ ಇನ್ನೂ ಹುಟ್ಟಿರಲಿಲ್ಲವಾದುದರಿಂದ.

೪. ಮೇಜಿನ ಮೇಲಿನ ಯಂತ್ರ

ನೆರೆಹೊರೆಯ ಗಿರಾಕಿಯು ಹುಟ್ಟಿದುದು ೧೯೮೦ರ ದಶಕದ ಉತ್ತರಾರ್ಧದಲ್ಲಿ. ೧೯೮೪ರ ನವೆಂಬರಿನ ಹೊಸ ಗಣಕ ನೀತಿಯು ಆಮದಿನ ಕಟ್ಟುಗಳನ್ನು ಸಡಿಲಿಸಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸುವುದು ಸಾಧ್ಯವಾಯಿತು. ಅದೇ ವರ್ಷ ಡಾ. ಸಿ. ರಂಗರಾಜನ್ ಸಮಿತಿಯು ಬ್ಯಾಂಕುಗಳ ಯಂತ್ರೀಕರಣದ ಬಗ್ಗೆ ಕೊಟ್ಟ ವರದಿಯ ಫಲವಾಗಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದುವು. ಒಂದೊಂದು ಶಾಖೆಯೂ ಒಂದೊಂದು ದ್ವೀಪದಂತಿತ್ತು. ಅದರ ಯಂತ್ರ ಬೇರೆ, ಅದರ ತಂತ್ರಾಂಶ ಬೇರೆ, ಅದನ್ನು ರಿಪೇರಿ ಮಾಡುವವನೂ ಬೇರೆ. ಬ್ಯಾಂಕಿಗೆ ಇದು ತೊಡಕಾದರೂ ಸಣ್ಣ ಸೇವಾಸಂಸ್ಥೆಗೆ ಸುಗ್ಗಿಯ ಕಾಲ.

ಇಲ್ಲಿ ವಾರ್ಷಿಕ ನಿರ್ವಹಣೆಯ ಕರಾರು, ರೂಢಿಯಲ್ಲಿ ‘ಎಎಂಸಿ’ ಎನ್ನುವುದು, ಪ್ರಚಾರಕ್ಕೆ ಬಂದಿತು. ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಅಂಗಡಿಯನ್ನು ತೆಗೆದುಕೊಳ್ಳಬಹುದು. ಅದು ೨,೦೦,೦೦೦ ರೂಪಾಯಿಗೆ ಒಂದು ಯಂತ್ರವನ್ನು ಮಾರಿ ಶೇ. ೧೦ರಂತೆ ೨೦,೦೦೦ ರೂಪಾಯಿ ಮಿಗಿಸಿತೆನ್ನೋಣ. ಸರಬರಾಜುದಾರನಿಗೆ ೧,೮೦,೦೦೦ ರೂಪಾಯಿಗಳನ್ನು ಒಡನೆ ಕೊಡಬೇಕು. ಗಿರಾಕಿ ಕೊಡುವುದು ಮೂರು ತಿಂಗಳ ಮೇಲೆ. ಶೇ. ೧೨ರ ಬಡ್ಡಿಯಂತೆ ೫,೪೦೦ ರೂಪಾಯಿ ಕರಗಿ ಉಳಿದುದು ೧೪,೬೦೦. ಆದರೆ ಅದೇ ಯಂತ್ರಕ್ಕೆ ಬೆಲೆಯ ಶೇ. ೮ರಂತೆ ನಿರ್ವಹಣೆಯ ಕರಾರಾದರೆ ವರ್ಷಕ್ಕೆ ೧೬,೦೦೦. ನಾಲ್ಕು ವರ್ಷಕ್ಕೆ ೬೪,೦೦೦ ರೂಪಾಯಿ ಬರುತ್ತದೆ. ಮಾರಾಟವು ಅಂಗಡಿಯ ಹೆಸರಿನ ಹಲಗೆಯಾಗಿತ್ತು. ಒಲೆ ಉರಿಯುತ್ತಿದ್ದುದು ಕರಾರಿನಿಂದ. ಅಂಗಡಿಯವರೇ ಎಷ್ಟೋ ವೇಳೆ ಇದನ್ನು ಲೆಕ್ಕವಿಟ್ಟು ಕಾಣದೆ ತಮ್ಮನ್ನು ಮಾರಾಟಗಾರರೆಂದೇ ಭಾವಿಸಿದರು.

೫. ರಿಪೇರಿ ಅಂಗಡಿಯಿಂದ ಕರಾರಿಗೆ

ಕಂಡವರೂ ಇದ್ದರು. ಸಾತಾರಾ ಜಿಲ್ಲೆಯ ಮೂಲದ ಕೈಲಾಸ ಕಾಟಕರರು ಹತ್ತನೆಯ ತರಗತಿಯ ಅನಂತರ ಓದನ್ನು ಬಿಟ್ಟು, ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯ ಅಂಗಡಿಯೊಂದರಲ್ಲಿ ದುಡಿದು, ಆಮೇಲೆ ಸ್ವಂತ ರಿಪೇರಿ ಅಂಗಡಿಯನ್ನು ತೆರೆದರು. ಕ್ಯಾಲ್ಕುಲೇಟರಿನ ಕಾಲ ಮುಗಿಯುತ್ತಿದೆಯೆಂದು ತಿಳಿದು ಗಣಕಯಂತ್ರದ ರಿಪೇರಿಯನ್ನು ಕಲಿತರು. ೧೯೯೩ರಲ್ಲಿ ಕ್ಯಾಟ್ ಕಂಪ್ಯೂಟರ್ ಸರ್ವಿಸಸ್ ಆರಂಭವಾಯಿತು. ಅಂಗಡಿಗೆ ಬರುವ ಯಂತ್ರಗಳಲ್ಲಿ ಅನೇಕವು ಕೆಟ್ಟುದು ಬಿಡಿಭಾಗದ ದೋಷದಿಂದಲ್ಲ, ವೈರಸ್ಸಿನಿಂದ. ಸ್ವಚ್ಛಗೊಳಿಸಿ ಕಳುಹಿಸಿದ ಯಂತ್ರವು ಮತ್ತೆ ಅದೇ ರೋಗದಿಂದ ಹಿಂದಿರುಗುತ್ತಿತ್ತು. ಗಣಕ ವಿಜ್ಞಾನವನ್ನು ಓದುತ್ತಿದ್ದ ತಮ್ಮ ಸಂಜಯರು ಇದಕ್ಕೆ ಪರಿಹಾರವಾಗಿ ತಂತ್ರಾಂಶವನ್ನು ಬರೆದರು. ಅದೇ ಕ್ವಿಕ್ ಹೀಲ್. ೧೯೯೫ರಲ್ಲಿ ವ್ಯವಹಾರವು ಕಂಪೆನಿಯಾಗಿ ನೋಂದಣಿಯಾಯಿತು. ಶಿವಾಜಿನಗರದ ವಾಕಡೇವಾಡಿಯಲ್ಲಿ ಬಹುಕಾಲ ಅದರ ಕಚೇರಿಯಿತ್ತು. ೨೦೦೭ರಲ್ಲಿ ಕಂಪೆನಿಯೇ ಕ್ವಿಕ್ ಹೀಲ್ ಎಂಬ ಹೆಸರನ್ನು ತಳೆದು, ೨೦೧೬ರ ಫೆಬ್ರವರಿಯಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು.

ಈ ವೃತ್ತಾಂತವನ್ನು ಸಾಮಾನ್ಯವಾಗಿ ಬಡತನದಿಂದ ಸಿರಿಗೆ ಏರಿದ ಸಾಹಸವೆಂದು ಹೇಳುತ್ತಾರೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಅದರ ಸಾರ ಬೇರೆ. ರಿಪೇರಿಯವನಿಗೆ ಯಂತ್ರ ಕೆಟ್ಟಾಗ ಮಾತ್ರ ಆದಾಯ. ಕೆಡದಂತೆ ನೋಡಿಕೊಳ್ಳುವವನಿಗೆ ವರ್ಷವಿಡೀ ಆದಾಯ. ಮೊದಲನೆಯವನ ಹಿತವು ಗಿರಾಕಿಯ ಹಿತಕ್ಕೆ ವಿರುದ್ಧ, ಎರಡನೆಯವನದು ಅನುಕೂಲ. ಕಾಟಕರ್ ಸಹೋದರರು ಅಂಗಡಿಯಲ್ಲಿ ಪ್ರತಿದಿನ ಕಂಡ ಒಂದೇ ಬಗೆಯ ತೊಂದರೆಗೆ ಒಂದೇ ಬಗೆಯ ಮದ್ದನ್ನು ಮಾಡಿ, ಅದನ್ನು ಕಾಲಕಾಲಕ್ಕೆ ನವೀಕರಿಸುವ ಕರಾರಾಗಿ ಪರಿವರ್ತಿಸಿದರು. ಆದರೆ ಈ ದಾರಿಯೂ ನಿರಂತರವಲ್ಲ. ೨೦೧೨ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್ ೮ರ ಒಳಗೇ ವೈರಸ್ ನಿವಾರಣೆಯನ್ನು ಬೇರೆ ಬೆಲೆಯಿಲ್ಲದೆ ಸೇರಿಸಿತು. ಕ್ವಿಕ್ ಹೀಲ್ ಮುಂದೆ ಸೆಕ್ರೈಟ್ ಎಂಬ ಹೆಸರಿನಲ್ಲಿ ಸಂಸ್ಥೆಗಳ ರಕ್ಷಣೆಯ ಕಡೆಗೂ ತಿರುಗಿತು. ಇಂದು ಹೊಣೆಯೆನಿಸಿದುದು ನಾಳೆ ಯಂತ್ರದ ಭಾಗವೇ ಆಗಿಬಿಡಬಹುದು. ಆಗ ಹೊಸ ಹೊಣೆಯನ್ನು ಹುಡುಕಬೇಕಾಗುತ್ತದೆ.

೬. ಎರಡು ಕೇಂದ್ರೀಕರಣಗಳು

ಕ್ಲೌಡ್ ಬರುವುದಕ್ಕೆ ಮುನ್ನವೇ ಬ್ಯಾಂಕುಗಳನ್ನು ನಂಬಿದ ಸಣ್ಣ ಸಂಸ್ಥೆಗಳು ಅದರ ಮುನ್ನೋಟವನ್ನು ಕಂಡಿದ್ದುವು. ೨೦೦೦ದ ದಶಕದಲ್ಲಿ ‘ಕೋರ್ ಬ್ಯಾಂಕಿಂಗ್’ ಪದ್ಧತಿ ಹರಡಿತು. ಶಾಖೆಯ ಲೆಡ್ಜರು ಶಾಖೆಯಲ್ಲಿ ಉಳಿಯದೆ ಒಂದೇ ಕೇಂದ್ರಕ್ಕೆ ಹೋಯಿತು. ಇನ್ಫೋಸಿಸಿನ ಫಿನಾಕಲ್, ಟಿಸಿಎಸ್ಸಿನ ಬ್ಯಾಂಕ್ಸ್ ಮೊದಲಾದ ತಂತ್ರಾಂಶಗಳು ನೂರಾರು ಶಾಖೆಗಳ ದ್ವೀಪಗಳನ್ನು ಒಂದು ಖಂಡವನ್ನಾಗಿ ಮಾಡಿದುವು. ಗಿರಾಕಿಗೆ ಇದು ಮಹೋಪಕಾರ. ಉಡುಪಿಯಲ್ಲಿ ಕಟ್ಟಿದ ಹಣವನ್ನು ಪುಣೆಯಲ್ಲಿ ಕೂಡಲೆ ತೆಗೆಯಬಹುದಾಯಿತು. ಶಾಖೆಯ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಸಣ್ಣವನ ಕೆಲಸ ಮಾತ್ರ ಮುಗಿಯಿತು. ಶಾಖೆಯ ಜಾಲ, ಮುದ್ರಣಯಂತ್ರ, ವಿದ್ಯುತ್ ಕಡಿತದ ವ್ಯವಸ್ಥೆ ಇವುಗಳ ಕಡೆಗೆ ತಿರುಗಿದವರು ಉಳಿದರು.

ಎರಡನೆಯ ಕೇಂದ್ರೀಕರಣವು ೨೦೦೬ರಲ್ಲಿ ಅಮೆರಿಕೆಯಲ್ಲಿ ಮೊದಲಾಯಿತು. ಅಮೆಜಾನ್ ಕಂಪೆನಿಯು ಆ ವರ್ಷ ಮೊದಲು ಸಂಗ್ರಹಣೆಯನ್ನೂ ಆಮೇಲೆ ಗಣನಶಕ್ತಿಯನ್ನೂ ಬಾಡಿಗೆಗೆ ಕೊಡತೊಡಗಿತು. ಭಾರತದಲ್ಲಿ ಮೈಕ್ರೋಸಾಫ್ಟಿನ ಅಜೂರ್ ಕೇಂದ್ರಗಳು ೨೦೧೫ರ ಸೆಪ್ಟೆಂಬರಿನಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿಯೂ, ಅಮೆಜಾನಿನ ಕೇಂದ್ರಗಳು ೨೦೧೬ರ ಜೂನಿನಲ್ಲಿ ಮುಂಬಯಿಯಲ್ಲಿಯೂ ತೆರೆದುವು. ಮೋಡವೆಂದು ಹೆಸರಾದರೂ ಅದು ಆಕಾಶದಲ್ಲಿಲ್ಲ. ಅದರ ಒಂದು ಭಾಗವು ಪುಣೆಯ ನೆಲದ ಮೇಲೆಯೇ ನಿಂತಿದೆ. ಆದರೂ ಶಿವಾಜಿನಗರದ ಅಂಗಡಿಯವನಿಗೆ ಅದು ಅಮೆರಿಕೆಯಷ್ಟೇ ದೂರ. ಅವನು ಅದರ ಬಾಗಿಲನ್ನು ತಟ್ಟಲಾರನು, ಅದರ ದರವನ್ನು ಚರ್ಚಿಸಲಾರನು.

ಹಳೆಯ ಅಭ್ಯಾಸದಂತೆ ಅನೇಕರು ಕ್ಲೌಡನ್ನೂ ಸರಕೆಂದೇ ತಿಳಿದು ಮರುಮಾರಾಟಕ್ಕೆ ತೊಡಗಿದರು. ಹಿಂದಿನ ಕಲ್ಪಿತ ಅಂಗಡಿಯನ್ನೇ ಮತ್ತೆ ನೋಡಬಹುದು. ಗಿರಾಕಿಯ ತಿಂಗಳ ಬಿಲ್ಲು ೧೦,೦೦೦ ರೂಪಾಯಿ, ಕಮಿಷನ್ ಶೇ. ೮ ಎಂದರೆ ತಿಂಗಳಿಗೆ ೮೦೦, ವರ್ಷಕ್ಕೆ ೯,೬೦೦. ದೊಡ್ಡ ಕಂಪೆನಿಗೆ ೯,೨೦೦ ರೂಪಾಯಿಗಳನ್ನು ಅಂಗಡಿಯು ತಪ್ಪದೆ ತಿಂಗಳು ತಿಂಗಳೂ ಕಟ್ಟಬೇಕು. ಗಿರಾಕಿಯು ಎರಡು ತಿಂಗಳು ತಡ ಮಾಡುವವನು. ಹಾಗೆ ಸದಾ ಸಿಕ್ಕಿಕೊಂಡಿರುವ ೧೮,೪೦೦ ರೂಪಾಯಿಗೆ ಶೇ. ೧೨ರಂತೆ ವರ್ಷಕ್ಕೆ ಸುಮಾರು ೨,೨೦೦ ಬಡ್ಡಿ. ಉಳಿದುದು ೭,೪೦೦. ಒಂದೇ ತಿಂಗಳ ಬಿಲ್ಲು ಮುಳುಗಿದರೆ ವರ್ಷದ ಗಳಿಕೆಯೆಲ್ಲ ಹೋಗಿ ಕೈಯಿಂದ ಮತ್ತಷ್ಟು ತೆರಬೇಕಾಗುತ್ತದೆ. ಇದು ವ್ಯಾಪಾರವೆನ್ನುವುದಕ್ಕಿಂತ ಭದ್ರತೆಯಿಲ್ಲದ ಸಾಲವೆನ್ನುವುದು ಸರಿ. ಸಾಲ ಕೊಡುವುದೇ ಕಸುಬಾದ ಬ್ಯಾಂಕು ಕೂಡ ಇಷ್ಟು ಅಲ್ಪ ಆದಾಯಕ್ಕೆ ಇಷ್ಟು ದೊಡ್ಡ ಅಪಾಯವನ್ನು ಹೊರುವುದಿಲ್ಲ. ಆದುದರಿಂದ ಕ್ಲೌಡಿನ ಬಿಲ್ಲನ್ನು ಗಿರಾಕಿಯೇ ನೇರವಾಗಿ ಕಟ್ಟುವಂತೆ ಮಾಡಿ, ತಾನು ತನ್ನ ಕೆಲಸದ ಬೆಲೆಯನ್ನು ಮಾತ್ರ ಪಡೆಯುವುದು ಸಣ್ಣ ಸಂಸ್ಥೆಗೆ ಮೊದಲನೆಯ ರಕ್ಷಣೆ.

೭. ಹೊಣೆಯ ಬೆಲೆ

ಹಾಗಾದರೆ ಕ್ಲೌಡಿನ ಕಾಲದಲ್ಲಿ ಉಳಿದಿರುವ ಕೆಲಸ ಯಾವುದು? ದೊಡ್ಡ ಕಂಪೆನಿಯು ತನ್ನ ಕರಾರಿನಲ್ಲಿ ಕಟ್ಟಡ, ಯಂತ್ರ, ವಿದ್ಯುತ್ತು, ಜಾಲ ಇವುಗಳ ಹೊಣೆಯನ್ನು ತಾನು ಹೊರುತ್ತದೆ. ಯಾರಿಗೆ ಪ್ರವೇಶ ಕೊಡಬೇಕು, ಕೆಲಸ ಬಿಟ್ಟುಹೋದವನ ಪಾಸ್‌ವರ್ಡನ್ನು ಯಾರು ರದ್ದು ಮಾಡಬೇಕು, ದತ್ತಾಂಶದ ನಕಲು ನಿಜವಾಗಿಯೂ ಹಿಂದಿರುಗಿ ಬರುತ್ತದೆಯೇ ಎಂಬುದನ್ನು ಯಾರು ಪರೀಕ್ಷಿಸಬೇಕು ಎಂಬಿವೆಲ್ಲ ಗಿರಾಕಿಯ ಪಾಲಿಗೇ ಉಳಿಯುತ್ತವೆ. ಔಷಧದ ಅಂಗಡಿಯವನಿಗೂ ಪತಸಂಸ್ಥೆಯ ಕಾರ್ಯದರ್ಶಿಗೂ ಇದು ತಿಳಿಯದು. ಕ್ಲೌಡಿಗೆ ಹೋದಮೇಲೆ ಎಲ್ಲವೂ ತಾನಾಗಿ ಸುರಕ್ಷಿತವೆಂದು ಅವರು ನಂಬುತ್ತಾರೆ.

ಈ ಹೊಣೆಯಲ್ಲಿ ಲೋಪವುಂಟಾದರೆ ಆಗುವ ಅನಾಹುತಕ್ಕೆ ಶಿವಾಜಿನಗರವೇ ಸಾಕ್ಷಿ. ೨೦೧೮ರ ಆಗಸ್ಟ್ ೧೧ ಮತ್ತು ೧೩ರಂದು ಕಾಸ್ಮೋಸ್ ಬ್ಯಾಂಕಿನ ವ್ಯವಸ್ಥೆಯೊಳಕ್ಕೆ ನುಗ್ಗಿದ ಕಳ್ಳರು ನಕಲಿ ಕಾರ್ಡುಗಳಿಂದ ೨೮ ದೇಶಗಳಲ್ಲಿ ಹಣ ತೆಗೆದು, ಹಾಂಕಾಂಗಿನ ಖಾತೆಯೊಂದಕ್ಕೂ ಹಣ ರವಾನಿಸಿ, ಒಟ್ಟು ಸುಮಾರು ೯೪ ಕೋಟಿ ರೂಪಾಯಿಗಳನ್ನು ಅಪಹರಿಸಿದರು. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ. ಯಂತ್ರವು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕಳ್ಳರ ಆಜ್ಞೆಯಂತೆ ನಡೆಯುತ್ತಿತ್ತು. ಹಳೆಯ ರಿಪೇರಿಯ ವಿದ್ಯೆಯು ಇಂಥ ಕೇಡಿನ ಮುಂದೆ ನಿರರ್ಥಕ.

ಆ ವರ್ಷದ ಅಕ್ಟೋಬರಿನಲ್ಲಿಯೇ ರಿಸರ್ವ್ ಬ್ಯಾಂಕು ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಕನಿಷ್ಠ ನಿಯಮಗಳನ್ನು ವಿಧಿಸಿತು. ೨೦೧೯ರ ಡಿಸೆಂಬರ್ ೩೧ರಂದು ಅವುಗಳನ್ನು ನಾಲ್ಕು ಶ್ರೇಣಿಗಳಾಗಿ ವಿಸ್ತರಿಸಿತು. ೨೦೨೨ರ ಏಪ್ರಿಲ್ ೨೮ರ ಕೇಂದ್ರ ಸರಕಾರದ ಸರ್ಟ್-ಇನ್ ಆದೇಶದ ಪ್ರಕಾರ ಸೈಬರ್ ಅಪಘಾತವನ್ನು ೬ ಗಂಟೆಗಳೊಳಗೆ ತಿಳಿಸಬೇಕು; ವ್ಯವಸ್ಥೆಯ ದಾಖಲೆಗಳನ್ನು ೧೮೦ ದಿನ ಕಾಪಾಡಬೇಕು. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಶಾಸನವೂ ಬಂದಿತು. ಇವುಗಳನ್ನೆಲ್ಲ ಓದಿ ಅನುಸರಿಸುವ ಸಾಮರ್ಥ್ಯ ಸಣ್ಣ ಪತಸಂಸ್ಥೆಗೂ ಶಾಲೆಗೂ ದವಾಖಾನೆಗೂ ಎಲ್ಲಿಂದ ಬರಬೇಕು? ಸಣ್ಣ ಗಣಕಸೇವಾ ಸಂಸ್ಥೆಯು ಮಾರಬೇಕಾದುದು ಈ ಸಾಮರ್ಥ್ಯವನ್ನು.

೮. ಪಿಗ್ಮಿಯ ದಾರಿ

ಈ ಹೊಣೆಯನ್ನು ಲಾಭಕರವಾಗಿ ಹೊರುವುದು ಹೇಗೆಂಬುದಕ್ಕೆ ಕರಾವಳಿಯ ಬ್ಯಾಂಕಿಂಗ್ ಚರಿತ್ರೆಯಲ್ಲಿ ಒಂದು ದೃಷ್ಟಾಂತವುಂಟು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, ೨೦೨೦ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನದಿನವೂ ಮನೆಬಾಗಿಲಿಗೆ ಬಂದು ಆಣೆಗಳ ಲೆಕ್ಕದಲ್ಲಿ ಹಣ ಸಂಗ್ರಹಿಸುತ್ತಿದ್ದನು. ಒಂದೊಂದು ಖಾತೆಯನ್ನೂ ಬೇರೆಯಾಗಿ ನೋಡಿದರೆ ಈ ವ್ಯವಹಾರ ನಷ್ಟದ್ದೇ. ಅದು ಗಿಟ್ಟಿದುದು ಒಂದೇ ಬೀದಿಯಲ್ಲಿ ಅನೇಕ ಖಾತೆಗಳಿದ್ದುದರಿಂದ, ಪ್ರತಿ ಖಾತೆಗೂ ಒಂದೇ ಬಗೆಯ ಚೀಟಿ, ಒಂದೇ ಬಗೆಯ ಲೆಕ್ಕ ಇದ್ದುದರಿಂದ, ಮತ್ತು ಏಜೆಂಟನು ಬೀದಿಯವರಿಗೆ ಪರಿಚಿತನಾಗಿದ್ದುದರಿಂದ. ಪುಣೆಯಲ್ಲಿ ಕರಾವಳಿಯವರು ನಡೆಸಿದ ಉಡುಪಿ ಹೋಟೆಲುಗಳ ಗುಟ್ಟೂ ಇದಕ್ಕಿಂತ ಬೇರೆಯಲ್ಲ: ಕೆಲವೇ ತಿಂಡಿಗಳು, ಒಂದೇ ರುಚಿ, ಬೇಗನೆ ತೆರವಾಗುವ ಮೇಜು.

ಇದನ್ನು ಗಣಕಸೇವೆಗೆ ಅನ್ವಯಿಸಿ ಮತ್ತೊಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಇಬ್ಬರು ತಂತ್ರಜ್ಞರ ಸಂಸ್ಥೆ. ಇಬ್ಬರಿಂದ ತಿಂಗಳಿಗೆ ೩೨೦ ಗಂಟೆಗಳ ದುಡಿಮೆ. ಸಂಬಳ, ಬಾಡಿಗೆ, ಮಾಲೀಕನ ಜೀವನಾಂಶ ಎಲ್ಲ ಸೇರಿ ಖರ್ಚು ೧,೧೦,೦೦೦ ರೂಪಾಯಿ. ಪ್ರತಿ ಗಿರಾಕಿಯಿಂದ ತಿಂಗಳಿಗೆ ೪,೦೦೦ ರೂಪಾಯಿ ಹೊಣೆಯ ಶುಲ್ಕ. ಗಿರಾಕಿಗಳು ನಾನಾ ಕಸುಬಿನವರಾಗಿ, ಪ್ರತಿಯೊಬ್ಬನ ವ್ಯವಸ್ಥೆಯೂ ಬೇರೆಬೇರೆಯಾಗಿದ್ದರೆ ಒಬ್ಬನಿಗೆ ೧೦ ಗಂಟೆ ಬೇಕಾದೀತು. ಆಗ ೩೨ ಗಿರಾಕಿಗಳಿಗೆ ಸಂಸ್ಥೆಯ ಶಕ್ತಿ ಮುಗಿದು, ೧,೨೮,೦೦೦ ರೂಪಾಯಿ ಬಂದು, ಮಿ��ುವುದು ೧೮,೦೦೦. ಎಲ್ಲರೂ ಒಂದೇ ಕಸುಬಿನವರಾಗಿ, ಒಂದೇ ಬಗೆಯ ವ್ಯವಸ್ಥೆಯಲ್ಲಿದ್ದು ೬ ಗಂಟೆ ಸಾಕಾದರೆ ೫೦ ಗಿರಾಕಿಗಳನ್ನು ನೋಡಿಕೊಳ್ಳಬಹುದು. ಆಗ ೨,೦೦,೦೦೦ ರೂಪಾಯಿ ಬಂದು, ಮಿಗುವುದು ೯೦,೦೦೦. ದರ ಏರಲಿಲ್ಲ, ಸಂಬಳ ಇಳಿಯಲಿಲ್ಲ; ಏಕರೂಪತೆಯೊಂದರಿಂದಲೇ ಮಿಗತೆಯು ಐದು ಪಟ್ಟಾಯಿತು. ಬಂದ ಗಿರಾಕಿಯನ್ನೆಲ್ಲ ಒಪ್ಪಿಕೊಳ್ಳುವ ಸಂಸ್ಥೆಯು ದುಡಿದು ದಣಿಯುತ್ತದೆ. ಆರಿಸಿಕೊಳ್ಳುವ ಸಂಸ್ಥೆಯು ಬಾಳುತ್ತದೆ. ದಂತವೈದ್ಯರ ದವಾಖಾನೆಗಳನ್ನೋ, ಪತಸಂಸ್ಥೆಗಳನ್ನೋ, ಲೆಕ್ಕಪರಿಶೋಧಕರ ಕಚೇರಿಗಳನ್ನೋ ಮಾತ್ರ ಹಿಡಿದು ಅವರ ಕಸುಬನ್ನು ಅವರಷ್ಟೇ ತಿಳಿದುಕೊಂಡವನಿಗೆ ದೂರದ ಮಹಾಕಂಪೆನಿಯು ಪ್ರತಿಸ್ಪರ್ಧಿಯಾಗಲಾರದು. ಅದು ಅವನ ಸರಬರಾಜುದಾರ ಮಾತ್ರ.

೯. ಉಪಸಂಹಾರ

ಈ ಸೂತ್ರಕ್ಕೆ ಮಿತಿಗಳಿಲ್ಲವೆಂದಲ್ಲ. ಹೊಣೆಯನ್ನು ಮಾರುವವನು ಹೊಣೆಗಾರನಾಗುತ್ತಾನೆ. ಗಿರಾಕಿಯ ದತ್ತಾಂಶ ನಾಶವಾದರೆ ಅಥವಾ ಕಳುವಾದರೆ ೪,೦೦೦ ರೂಪಾಯಿಯ ಶುಲ್ಕಕ್ಕೆ ಲಕ್ಷಗಟ್ಟಲೆ ಪರಿಹಾರದ ಪ್ರಶ್ನೆ ಏಳಬಹುದು. ಆದುದರಿಂದ ಯಾವುದು ತನ್ನ ಹೊಣೆ, ಯಾವುದು ಗಿರಾಕಿಯದು, ಯಾವುದು ಮಹಾಕಂಪೆನಿಯದು ಎಂಬುದನ್ನು ಕರಾರಿನಲ್ಲಿ ಬರೆದಿಡುವುದು, ತನ್ನ ಹೊಣೆಗೆ ಮೊತ್ತದ ಮಿತಿಯನ್ನು ಹಾಕಿಕೊಳ್ಳುವುದು ಅಗತ್ಯ. ಸ್ನೇಹದ ಮೇಲೆ, ಬಾಯಿಮಾತಿನ ಮೇಲೆ ನಡೆದ ಹಳೆಯ ವ್ಯವಹಾರವು ರಿಪೇರಿಯ ಕಾಲಕ್ಕೆ ಸಾಕಾಗಿತ್ತು. ಹೊಣೆಯ ಕಾಲಕ್ಕೆ ಸಾಲದು. ಮಹಾಕಂಪೆನಿಯು ಇಂದಿನ ಕೆಲಸಗಳಲ್ಲಿ ಕೆಲವನ್ನು ನಾಳೆ ತನ್ನ ಯಂತ್ರಕ್ಕೇ ಕಲಿಸಬಹುದೆಂಬುದಕ್ಕೆ ವೈರಸ್ ನಿವಾರಣೆಯ ವೃತ್ತಾಂತವೇ ನಿದರ್ಶನ. ಹಾಗೆಯೇ ರಿಪೇರಿಯನ್ನು ಮಾತ್ರ ಬಲ್ಲ ಕೆಲಸಗಾರನು ನಿಯಮಗಳನ್ನು ಓದಿ, ಗಿರಾಕಿಯ ಭಾಷೆಯಲ್ಲಿ ತಿಳಿಸಿ ಹೇಳುವುದನ್ನು ಕಲಿಯದಿದ್ದರೆ ಈ ಮಾರ್ಪಾಟು ಅವನನ್ನು ಹಿಂದೆ ಬಿಟ್ಟು ಹೋಗುತ್ತದೆ. ಹಿಂದಿನ ಏಣಿಗೆ ಕೈಚಳಕವೊಂದೇ ಸಾಕಾಗಿತ್ತು. ಇಂದಿನದಕ್ಕೆ ಅಕ್ಷರವೂ ಬೇಕು.

ಆದರೂ ಕಾವೇರಿಯ ತಂತಿಯಿಂದ ಹಿಡಿದು ಇಂದಿನ ಕ್ಲೌಡಿನವರೆಗೆ ಚರಿತ್ರೆಯು ಹೇಳುವ ಮಾತು ಒಂದೇ. ಯಂತ್ರವು ದೊಡ್ಡವರ ಕೈಗೆ ಹೋಗುವುದನ್ನು ಸಣ್ಣವರು ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಯಂತ್ರವು ದೂರವಾದಷ್ಟೂ, ಅದಕ್ಕೂ ಅದನ್ನು ಬಳಸುವವನಿಗೂ ನಡುವೆ ನಿಂತು ಉತ್ತರ ಕೊಡುವವನ ಅಗತ್ಯ ಹೆಚ್ಚುತ್ತದೆ. ಅಂಥವನು ಗಿರಾಕಿಯ ಬೀದಿಯಲ್ಲಿಯೇ ಇರಬೇಕು, ಅವನ ಕಸುಬನ್ನು ತಿಳಿದಿರಬೇಕು, ತನ್ನ ಲೆಕ್ಕವನ್ನು ಗಿರಾಕಿಗೊಂದರಂತೆ ಬೇರೆಬೇರೆಯಾಗಿ ಇಟ್ಟಿರಬೇಕು. ಶಿವಾಜಿನಗರದ ಸಣ್ಣ ಅಂಗಡಿಯು ತನ್ನ ಹಲಗೆಯ ಮೇಲಿನ ‘ಮಾರಾಟ’ ಎಂಬ ಮಾತನ್ನು ಅಳಿಸಿಕೊಳ್ಳಬೇಕಾಗಿ ಬಂದರೂ ‘ಸೇವೆ’ ಎಂಬ ಮಾತನ್ನು ಉಳಿಸಿಕೊಂಡು, ಅದಕ್ಕೆ ಸರಿಯಾದ ಬೆಲೆಯನ್ನು ನಿಸ್ಸಂಕೋಚವಾಗಿ ಕೇಳುವುದನ್ನು ಕಲಿತರೆ, ಊರು ಬಿಟ್ಟು ಬಂದ ಯುವಕನಿಗೆ ಆ ಏಣಿಯು ಇನ್ನೂ ದೊರೆಯುತ್ತದೆ.